ಹದಿನೆಂಟು ಕ್ರೆಡಿಟ್, ಒಂದು ಹದ ಮಳೆ

ಅರ್ಜಿಯ ಕೊನೆಯಲ್ಲಿ ‘ಈ ಮೈನರ್ ಯಾಕೆ ಬೇಕು?’ ಅಂತ ಒಂದು ಕಾಲಂ ಇತ್ತು. ಎರಡು ಸಾಲಿನ ಜಾಗ. ‘ಭೂಮಿಯ ಭವಿಷ್ಯದ ಬಗ್ಗೆ ನನಗೆ ಕಾಳಜಿಯಿದೆ’ ಎಂದು ಬರೆದೆ. ಸುಳ್ಳು. ನನಗೆ ಬೇಕಾಗಿದ್ದುದು ಎಐ ಮೈನರ್. ಅದರ ಸೀಟುಗಳು 8.6 ಸಿಜಿಪಿಎಗೇ ಮುಗಿದುಹೋದವು, ನನ್ನದು 7.9. ಉಳಿದದ್ದು ಎರಡೇ: ‘ಉದ್ಯಮಶೀಲತೆ’ ಮತ್ತು ‘ಕ್ಲೈಮೇಟ್ ಸ್ಟಡೀಸ್’. ಉದ್ಯಮಶೀಲತೆಯ ತರಗತಿ ಭಾನುವಾರ ಬೆಳಿಗ್ಗೆ ಎಂದು ತಿಳಿದ ಮೇಲೆ ನನ್ನ ಕಾಳಜಿ ಭೂಮಿಯ ಕಡೆ ತಿರುಗಿತು.

ಇದು 2023ರ ಕೊನೆಯ ಮಾತು. ಬೆಂಗಳೂರಿನ ಒಂದು ಸ್ವಾಯತ್ತ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಮೂರನೇ ಸೆಮಿಸ್ಟರ್. ಮೈನರ್ ಅಂದರೆ ಮಾಮೂಲಿ ಡಿಗ್ರಿಯ ಕ್ರೆಡಿಟ್‌ಗಳ ಮೇಲೆ ಇನ್ನೂ 18 ಕ್ರೆಡಿಟ್ ಹೊರುವುದು. ನಮ್ಮಲ್ಲಿ ಅದು ನಾಲ್ಕು ಥಿಯರಿ, ಒಂದು ಲ್ಯಾಬ್, ಕೊನೆಗೊಂದು ಪ್ರಾಜೆಕ್ಟ್. ತರಗತಿಗಳು ಶನಿವಾರ ಮತ್ತು ವಾರದಲ್ಲಿ ಎರಡು ಸಂಜೆ. ಒಂದೊಂದು ಪೇಪರ್ ಒಂದೊಂದು ವಿಭಾಗದವರದು: ಭೌತಶಾಸ್ತ್ರ, ಸಿವಿಲ್, ಅರ್ಥಶಾಸ್ತ್ರ, ಕಾನೂನು. ಹೆಸರಿಗೆ ಅಂತರಶಿಸ್ತೀಯ. ಕಟ್ಟಡದಿಂದ ಕಟ್ಟಡಕ್ಕೆ ನಡೆಯುತ್ತಿದ್ದವರು ಮಾತ್ರ ನಾವು, ಮೇಷ್ಟ್ರುಗಳು ತಮ್ಮ ತಮ್ಮ ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಒಂದು ಕ್ಷಣ ಸುಮ್ಮನಿದ್ದು ಕೇಳಿದರು, “ಹಂಗಾದ್ರೆ ಟಿವಿಲಿ ಮಳೆ ಹೇಳೋರ್ ಆಗ್ತೀಯೇನಮ್ಮ?”

“ಇಲ್ಲಪ್ಪ, ಇದು ಬೇರೆ.”

“ಆಗಿದ್ರೆ ಚೆನ್ನಾಗಿರೋದು. ಅವ್ರು ಹೇಳಿದ್ದು ಯಾವತ್ತೂ ಆಗಲ್ಲ, ಸಂಬಳ ಮಾತ್ರ ತಪ್ಪಲ್ಲ.”

ಅವರ ಮಾತಿನಲ್ಲಿ ಕಹಿ ಇದ್ದದ್ದಕ್ಕೆ ಕಾರಣವಿತ್ತು. ನಮ್ಮೂರು ಪಾವಗಡ ತಾಲ್ಲೂಕಿನ ತಿರುಮಣಿ ಕಡೆಯ ಒಂದು ಹಳ್ಳಿ. ನಕ್ಷೆಯಲ್ಲಿ ಆಂಧ್ರದ ಹೊಟ್ಟೆಯೊಳಗೆ ಕರ್ನಾಟಕ ಚಾಚಿಕೊಂಡಿರುವ ಜಾಗ. ಮನೆಯಲ್ಲಿ ಜಗಳ ತೆಲುಗಿನಲ್ಲಿ, ರಾಜಿ ಕನ್ನಡದಲ್ಲಿ. ಮಳೆಯಾಶ್ರಯದ ಕಡಲೆಕಾಯಿಯೇ ಆಧಾರ. ಆ ವರ್ಷದ ಆಗಸ್ಟ್ ತಿಂಗಳು, 1901ರಿಂದೀಚೆಗೆ ಇಡೀ ದೇಶ ಕಂಡ ಅತ್ಯಂತ ಒಣ ಆಗಸ್ಟ್. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಅಪ್ಪ ಬಿತ್ತಿದ್ದ ಬೀಜ ಮೊಳೆತು, ಹೂವಿಗೆ ಬಂದು, ಊಡು (ಕಾಯಿ ಕಟ್ಟಲು ನೆಲಕ್ಕಿಳಿಯುವ ಎಳೆ) ಇಳಿಯುವ ಹೊತ್ತಿಗೆ ನೆಲ ಕಲ್ಲಾಗಿತ್ತು. ನಾನು ಅರ್ಜಿ ತುಂಬುವಾಗ ಇದೆಲ್ಲ ತಲೆಯಲ್ಲಿ ಇರಲೇ ಇಲ್ಲ ಅನ್ನುವುದು ಈಗ ನೆನೆದರೆ ನಾಚಿಕೆಯಾಗುತ್ತದೆ. ಹವಾಗುಣ ಅಂದರೆ ಹಿಮಕರಡಿ, ಕರಗುವ ನೀರ್ಗಲ್ಲು ಅಂತಲೇ ನಾನು ಅಂದುಕೊಂಡಿದ್ದೆ. ಹೊಲಕ್ಕೂ ಅದಕ್ಕೂ ಸಂಬಂಧವಿದೆ ಅಂತ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಶಾಲೆಯ ಪುಸ್ತಕ ‘ವಾಯುಗುಣ’ ಎನ್ನುತ್ತದೆ, ಪತ್ರಿಕೆ ‘ಹವಾಮಾನ ಬದಲಾವಣೆ’ ಎನ್ನುತ್ತದೆ, ನಾಳೆ ಮಳೆ ಬರುತ್ತದೋ ಇಲ್ಲವೋ ಹೇಳುವುದೂ ‘ಹವಾಮಾನ’ ಇಲಾಖೆಯೇ. ಮೂವತ್ತು ವರ್ಷದ ಸರಾಸರಿಗೂ ನಾಳೆಯ ಮೋಡಕ್ಕೂ ಒಂದೇ ಹೆಸರಿಟ್ಟರೆ ಅಪ್ಪ ಗೊಂದಲ ಮಾಡಿಕೊಂಡದ್ದರಲ್ಲಿ ತಪ್ಪೇನಿದೆ?

ಮೊದಲ ತರಗತಿ ಭೌತಶಾಸ್ತ್ರದ ಮೇಡಂ ಅವರದು. ಪಿಪಿಟಿ ಇಲ್ಲ, ಹಿಮಕರಡಿ ಇಲ್ಲ. ಸೀಮೆಸುಣ್ಣ ಹಿಡಿದು 1361 ಅಂತ ಬರೆದರು. ಸೂರ್ಯನಿಗೆ ಎದುರಾಗಿ ನಿಂತ ಒಂದು ಚದರ ಮೀಟರಿಗೆ ಬೀಳುವ ಶಕ್ತಿ, ವ್ಯಾಟ್‌ಗಳಲ್ಲಿ. “ಭೂಮಿಯ ನೆರಳು ಒಂದು ತಟ್ಟೆ, ಭೂಮಿ ಒಂದು ಚೆಂಡು. ಚೆಂಡಿನ ಮೈ ತಟ್ಟೆಗಿಂತ ನಾಲ್ಕು ಪಟ್ಟು. ಹಾಗಾಗಿ ನಾಲ್ಕರಿಂದ ಭಾಗಿಸಿ.” ಆಮೇಲೆ ನೂರಕ್ಕೆ ಮೂವತ್ತು ಭಾಗ ಮೋಡ, ಹಿಮ, ಮರಳು ಎಲ್ಲ ಸೇರಿ ವಾಪಸ್ಸು ಎಸೆಯುತ್ತವೆ. ಉಳಿದದ್ದು 238 ವ್ಯಾಟ್. ಅಷ್ಟನ್ನೇ ಭೂಮಿ ಹೊರಗೆ ಸೂಸಬೇಕು. ಬಿಸಿಗೂ ಸೂಸುವ ಶಕ್ತಿಗೂ ಇರುವ ನಂಟು ಹೇಳುವ ಸ್ಟೀಫನ್–ಬೋಲ್ಟ್ಸ್‌ಮನ್ ಸೂತ್ರಕ್ಕೆ ಹಾಕಿ ನಾಲ್ಕನೇ ಮೂಲ ತೆಗೆದರೆ 255 ಕೆಲ್ವಿನ್, ಅಂದರೆ ಮೈನಸ್ 18 ಡಿಗ್ರಿ ಸೆಲ್ಸಿಯಸ್. ಭೂಮಿಯ ನಿಜವಾದ ಸರಾಸರಿ ಸುಮಾರು 15 ಡಿಗ್ರಿ. ನಡುವಿನ 33 ಡಿಗ್ರಿ ಎಲ್ಲಿಂದ ಬಂತು?

ಕ್ಯಾಲ್ಕುಲೇಟರಿನಲ್ಲಿ ಆ ಉತ್ತರ ನಾನೇ ಒತ್ತಿ ತೆಗೆದದ್ದು. ಪಿಯುಸಿಯಲ್ಲಿ ಇದೇ ಸೂತ್ರ ಉರುಹೊಡೆದಿದ್ದೆ, ಸಿಇಟಿಗೆ. ಅದರಿಂದ ಭೂಮಿಯ ಜ್ವರ ಅಳೆಯಬಹುದು ಅಂತ ಹೊಳೆದಿರಲಿಲ್ಲ. ಗಾಜಿನ ಹಾಗೆ ಒಂದು ಪದರ ವಾತಾವರಣ ಹೊದಿಸಿ ಲೆಕ್ಕ ಮಾಡಿದರೆ ಉತ್ತರ 30 ಡಿಗ್ರಿಗೆ ಏರಿ ಕೂರುತ್ತದೆ. “ಒಂದು ಸಲ ಕಡಿಮೆ, ಒಂದು ಸಲ ಜಾಸ್ತಿ. ಇನ್ನು ನಾಲ್ಕು ತಿಂಗಳು ಇವೆರಡರ ಮಧ್ಯೆ ಇರೋದನ್ನ ಹುಡುಕೋಣ,” ಅಂದರು ಮೇಡಂ. ಮೋಡ, ಸಂವಹನ (ಬಿಸಿಗಾಳಿ ಮೇಲೇರುವುದು), ನೀರಾವಿ ಎಲ್ಲ ಆ ಮಧ್ಯದಲ್ಲೇ ಇದ್ದವು. ಇಂಗಾಲದ ಡೈಆಕ್ಸೈಡ್‌ನ ಲೆಕ್ಕವನ್ನು ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1896ರಲ್ಲೇ ಕೈಯಲ್ಲಿ ಹಾಕಿದ್ದ ಅಂತ ಕೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ, “ಆಗ ಇಂಟರ್ನಲ್ಸ್ ಇರಲಿಲ್ಲ ಅನ್ಸುತ್ತೆ,” ಅಂದ. ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ವಿಜ್ಞಾನಿ ಕೀಲಿಂಗ್ ಅಳೆಯಲು ಶುರುಮಾಡಿದ 1958ರಲ್ಲಿ ಹತ್ತು ಲಕ್ಷಕ್ಕೆ 315ರ ಆಸುಪಾಸಿನಲ್ಲಿದ್ದ ಆ ಅನಿಲ ಈಗ 420 ದಾಟಿದೆ. ಆ ರೇಖೆಯನ್ನು ಕಾಲೇಜಿನ ಗೋಡೆಯ ಪೋಸ್ಟರಿನಲ್ಲಿ ನೂರು ಸಲ ನೋಡಿದ್ದೆ. ಅದರ ಹಲ್ಲು ಹಲ್ಲಾದ ಅಂಚು ಉತ್ತರಾರ್ಧ ಗೋಳದ ಗಿಡಮರಗಳು ಚಿಗುರಿ ಉದುರುವ ಲಯ ಎಂಬುದು ಮಾತ್ರ ಆವತ್ತೇ ಗೊತ್ತಾದದ್ದು.

ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಮುಂಗಾರಿನ ಪಾಠ. ಮುಂಗಾರು ಯಾಕೆ ಬರುತ್ತದೆ ಅಂತ ಮೇಡಂ ಕೇಳಿದರು. ಇಡೀ ತರಗತಿ ಒಂದೇ ಉಸಿರಿಗೆ ಹೇಳಿತು: ಬೇಸಿಗೆಯಲ್ಲಿ ನೆಲ ಕಾಯುತ್ತದೆ, ಸಮುದ್ರ ತಂಪಾಗಿರುತ್ತದೆ, ಗಾಳಿ ಅಲ್ಲಿಂದ ಇಲ್ಲಿಗೆ ಬೀಸುತ್ತದೆ. 1686ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಎಡ್ಮಂಡ್ ಹ್ಯಾಲಿ ಹೇಳಿದ್ದು ಹೆಚ್ಚುಕಡಿಮೆ ಇದೇ.

“ಸರಿ. ನಿಮ್ಮೂರಲ್ಲಿ ಅತಿ ಹೆಚ್ಚು ಬಿಸಿಲು ಯಾವ ತಿಂಗಳು?”

“ಏಪ್ರಿಲ್, ಮೇ.”

“ಅತಿ ಹೆಚ್ಚು ಮಳೆ?”

ನಾನು “ಸೆಪ್ಟೆಂಬರ್” ಅಂದೆ. ಮಂಗಳೂರಿನವನು “ಜುಲೈ” ಅಂದ.

“ನೆಲ ಕಾದರೇ ಮಳೆ ಅನ್ನೋದಾದ್ರೆ ಮೇ ತಿಂಗಳಲ್ಲೇ ಬರಬೇಕಿತ್ತಲ್ಲ? ಇನ್ನೊಂದು. ಬರ ಬಿದ್ದ ವರ್ಷ ನೆಲ ತಂಪಾಗಿರುತ್ತಾ, ಬಿಸಿಯಾಗಿರುತ್ತಾ?”

ಬಿಸಿಯಾಗಿರುತ್ತದೆ. ಅದನ್ನು ಹೇಳಲು ನನಗೆ ಪುಸ್ತಕ ಬೇಕಿರಲಿಲ್ಲ, ಎರಡು ತಿಂಗಳ ಹಿಂದಷ್ಟೇ ಬರಿಗಾಲಲ್ಲಿ ನಿಂತು ನೋಡಿದ್ದೆ. ಈ ಆಕ್ಷೇಪವನ್ನು ಬ್ರಿಟಿಷ್ ಹವಾಮಾನ ವಿಜ್ಞಾನಿ ಜಾರ್ಜ್ ಸಿಂಪ್ಸನ್ 1921ರಲ್ಲೇ ಎತ್ತಿದ್ದರಂತೆ. ನಮ್ಮದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ಆ ವಾದವನ್ನು ಮುಂದಕ್ಕೆ ಒಯ್ದು, ಮುಂಗಾರು ಬರಿಯ ದೊಡ್ಡ ಕಡಲಗಾಳಿಯಲ್ಲ, ಸಮಭಾಜಕದ ಸುತ್ತ ಇರುವ ಮಳೆಪಟ್ಟಿಯೇ ಋತುವಿನ ಜೊತೆ ಉತ್ತರಕ್ಕೆ ಸರಿದು ಬರುವುದು ಎಂದು ದಶಕಗಳ ಕಾಲ ಪ್ರತಿಪಾದಿಸಿದರು. ಏಳನೇ ಕ್ಲಾಸಿನಿಂದ ಬರೆದು ಅಂಕ ಗಿಟ್ಟಿಸಿದ ಉತ್ತರ ಅರ್ಧ ಮಾತ್ರ ಸರಿ ಅಂತ ಗೊತ್ತಾದಾಗ ಒಂಥರಾ ಖುಷಿ, ಒಂಥರಾ ಸಿಟ್ಟು. ಆವತ್ತು ಹಾಸ್ಟೆಲ್ಲಿಗೆ ಬಂದು ಗಾಡ್ಗೀಳ್ ಅವರ ಹೆಸರು ಹುಡುಕಿದೆ. ಅವರು ತಮ್ಮ ಸಹೋದ್ಯೋಗಿಗಳ ಜೊತೆ ಮಳೆಯಾಶ್ರಯದ ಕಡಲೆಕಾಯಿಯ ಮೇಲೆ ಕೆಲಸ ಮಾಡಿದ್ದರು. ಯಾವ ವಾರದಲ್ಲಿ ಬಿತ್ತಿದರೆ ನಷ್ಟದ ಸಂಭವ ಕಡಿಮೆ ಅಂತ ರೈತರನ್ನೇ ಜೊತೆಗಿಟ್ಟುಕೊಂಡು, ಹಳೆಯ ಮಳೆ ದಾಖಲೆ ಇಟ್ಟುಕೊಂಡು ನೋಡಿದ್ದರು. ಎಲ್ಲಿ? ಅನಂತಪುರ–ಪಾವಗಡದ ಸೀಮೆಯಲ್ಲಿ. ನಮ್ಮ ಮನೆಯ ಬಾಗಿಲಿಗೆ ಬಂದಿದ್ದ ವಿಷಯವನ್ನು ನಾನು ಬೆಂಗಳೂರಿನ ಹಾಸ್ಟೆಲ್ಲಿನ ವೈಫೈನಲ್ಲಿ ಕಂಡುಕೊಂಡೆ.

ಎರಡನೆಯದು ಸಿವಿಲ್‌ನವರ ಜಲವಿಜ್ಞಾನ. ಅದರ ಬಗ್ಗೆ ಹೇಳುವಂಥದ್ದು ಕಡಿಮೆ. ಮೇಷ್ಟ್ರು ಪುಸ್ತಕ ಓದಿದರು, ನಾವು ಬರೆದುಕೊಂಡೆವು. ಆದರೆ ಅದೇ 2024ರ ಮಾರ್ಚ್‌ನಲ್ಲಿ ಹಾಸ್ಟೆಲ್ಲಿನ ಬೋರ್‌ವೆಲ್ ಕೈಕೊಟ್ಟು, ತಲೆಗೆ ಎರಡು ಬಕೆಟ್ ಅಂತ ವಾರ್ಡನ್ ನೋಟಿಸ್ ಅಂಟಿಸಿದರು. ತರಗತಿಯಲ್ಲಿ ಅಂತರ್ಜಲ ಮರುಪೂರಣದ ಲೆಕ್ಕ, ಹೊರಗೆ ಟ್ಯಾಂಕರಿನ ಕ್ಯೂ.

ಲ್ಯಾಬ್ ಕಥೆ ಬೇರೆ. ಹವಾಮಾನ ಇಲಾಖೆ ಇಡೀ ಭಾರತವನ್ನು ಕಾಲು ಡಿಗ್ರಿಯ ಚೌಕಗಳಾಗಿ ಕತ್ತರಿಸಿ, 1901ರಿಂದ ಇಲ್ಲಿಯವರೆಗೆ ದಿನದಿನದ ಮಳೆಯನ್ನು ಫೈಲುಗಳಲ್ಲಿ ಇಟ್ಟಿದೆ. ಪುಣೆ ಕಚೇರಿಯ ತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ವರ್ಷಕ್ಕೊಂದು ಫೈಲು, ಸುಮಾರು 25 ಎಂಬಿ. ತೆರೆದರೆ ಅಕ್ಷರವೂ ಇಲ್ಲ, ತಲೆಬರಹವೂ ಇಲ್ಲ, ಬರೀ ಬೈನರಿ. ದಕ್ಷಿಣದಿಂದ ಉತ್ತರಕ್ಕೆ 129 ಸಾಲು, ಪಶ್ಚಿಮದಿಂದ ಪೂರ್ವಕ್ಕೆ 135 ಕಂಬ, ಅಂಥ 365 ಹಾಳೆ. ಮೊದಲ ಅಸೈನ್‌ಮೆಂಟ್ ಸರಳ: ಕರ್ನಾಟಕವನ್ನು ಸುತ್ತುವರಿಯುವ ಒಂದು ಚೌಕ ಹಾಕಿ ಜುಲೈ ತಿಂಗಳ ಸರಾಸರಿ ಮಳೆ ತೆಗೆಯಿರಿ.

ನನ್ನ ಪೈಥಾನ್ ಕೋಡ್ ಎರ್ರರ್ ಕೊಡದೆ ಓಡಿತು. ಉತ್ತರ: ದಿನಕ್ಕೆ ಮೈನಸ್ ಇನ್ನೂರು ಚಿಲ್ಲರೆ ಮಿಲಿಮೀಟರ್. ಮಳೆ ನೆಲದಿಂದ ಆಕಾಶಕ್ಕೆ ಹೋಗುತ್ತಿತ್ತು. ಎರಡು ಗಂಟೆ ಕೋಡನ್ನು ತಿರುವಿಹಾಕಿದೆ, ಸಾಲನ್ನೂ ಕಂಬವನ್ನೂ ಅದಲುಬದಲು ಮಾಡಿದೆ, ಪಕ್ಕದವಳ ಹತ್ತಿರ ಜಗಳ ಆಡಿದೆ. ಕೊನೆಗೆ ಲ್ಯಾಬ್ ಸಹಾಯಕರು ಬಂದು ಪರದೆ ನೋಡಿ ನಕ್ಕರು. “ನಿಮ್ಮ ಚೌಕದಲ್ಲಿ ಸಮುದ್ರ ಇದೆಯಲ್ಲಮ್ಮ. ಸಮುದ್ರದಲ್ಲಿ ಮಳೆಮಾಪಕ ಎಲ್ಲಿರುತ್ತೆ?” ಮಾಹಿತಿ ಇಲ್ಲದ ಚೌಕಕ್ಕೆ ಇಲಾಖೆ ಮೈನಸ್ 999 ತುಂಬಿರುತ್ತದೆ. ನಾನು ಅರಬ್ಬೀ ಸಮುದ್ರದ ‘ಗೊತ್ತಿಲ್ಲ’ಗಳನ್ನೆಲ್ಲ ಮಳೆ ಅಂತ ಎಣಿಸಿ ಕೂಡಿಸಿದ್ದೆ.

ಆಮೇಲಿನ ಎರಡು ವರ್ಷ ಈ ಮೈನಸ್ 999 ನನ್ನ ಬೆನ್ನು ಬಿಡಲಿಲ್ಲ. ಪ್ರತಿ ವಿಭಾಗಕ್ಕೂ ತನ್ನದೇ ಆದ ‘ಗೊತ್ತಿಲ್ಲ’ ಇದೆ, ಅದನ್ನು ಮುಚ್ಚಲು ತನ್ನದೇ ಒಂದು ಅಂಕಿ ಇದೆ. ಭೌತಶಾಸ್ತ್ರದವರು ಪ್ಲಸ್–ಮೈನಸ್ ಹಾಕಿ ಪಕ್ಕದಲ್ಲೇ ಬರೆಯುತ್ತಾರೆ. ಅರ್ಥಶಾಸ್ತ್ರದವರು ಎಲ್ಲಿ ಬಚ್ಚಿಡುತ್ತಾರೆ ಅನ್ನುವುದು ಐದನೇ ಸೆಮಿಸ್ಟರಿನಲ್ಲಿ ಗೊತ್ತಾಯಿತು.

ಆ ಪೇಪರಿಗೆ ಬರುತ್ತಿದ್ದವರು ಅತಿಥಿ ಉಪನ್ಯಾಸಕರು. ಸಂಜೆ ಐದೂವರೆಗೆ ಬೇರೆ ಕಾಲೇಜಿನ ಪಾಠ ಮುಗಿಸಿ ಬಿಎಂಟಿಸಿ ಬಸ್ಸಿಳಿದು ಓಡೋಡಿ ಬರುತ್ತಿದ್ದರು. ನೂರು ವರ್ಷದ ನಂತರ ಆಗುವ ನೂರು ರೂಪಾಯಿ ನಷ್ಟ ಇವತ್ತಿಗೆ ಎಷ್ಟು ರೂಪಾಯಿಗೆ ಸಮ, ಎಂದು ಕೇಳಿದರು. ವರ್ಷಕ್ಕೆ ಶೇ 1.4ರಂತೆ ಕಳೆಯುತ್ತಾ ಬಂದರೆ ಸುಮಾರು 25 ರೂಪಾಯಿ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ 2006ರ ಹವಾಗುಣ ವರದಿಯಲ್ಲಿ ಹಿಡಿದದ್ದು ಹೆಚ್ಚುಕಡಿಮೆ ಆ ದರ. ಶೇ 5 ಹಿಡಿದರೆ? 76 ಪೈಸೆ. ಅದೇ ಭೂಮಿ, ಅದೇ ಪ್ರವಾಹ, ಅದೇ ಮೊಮ್ಮಕ್ಕಳು. ಒಂದು ಅಂಕಿ ಬದಲಾದರೆ ‘ಈಗಲೇ ಖರ್ಚು ಮಾಡಿ’ ಅನ್ನುವ ಸಲಹೆ ‘ನಿಧಾನವಾಗಿ ನೋಡೋಣ’ ಆಗಿಬಿಡುತ್ತದೆ. 2018ರಲ್ಲಿ ನೊಬೆಲ್ ಪಡೆದ ಅಮೆರಿಕದ ಅರ್ಥಶಾಸ್ತ್ರಜ್ಞ ನಾರ್ಡ್‌ಹೌಸ್‌ಗೂ ಸ್ಟರ್ನ್‌ಗೂ ಇದ್ದ ಜಗಳದ ಬಹುಪಾಲು ಈ ದರದ ಸುತ್ತಲೇ.

ಈ ಲೆಕ್ಕವನ್ನು ಯಾವುದಾದರೂ ನಿಜವಾದ ವ್ಯವಹಾರಕ್ಕೆ ಹಾಕಿಕೊಂಡು ಬನ್ನಿ ಅಂತ ಮನೆಗೆಲಸ ಕೊಟ್ಟರು. ನನಗೆ ದೂರ ಹೋಗಬೇಕಿರಲಿಲ್ಲ. ನಾನು ಆರನೇ, ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಏಳು ಎಕರೆಯಲ್ಲಿ ನಾಲ್ಕು ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿತ್ತು. ಸುಮಾರು 13,000 ಎಕರೆಯ, 2,050 ಮೆಗಾವ್ಯಾಟಿನ ಆ ಪಾರ್ಕಿಗೆ ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮೋಡವಿಲ್ಲದ ಆಕಾಶ ನಮ್ಮ ಸೀಮೆಯ ಶಾಪವಾಗಿತ್ತು, ಅದೇ ಬಂಡವಾಳವಾಯಿತು. 25 ವರ್ಷ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ಶೇ 5ರಂತೆ ಕಳೆದರೆ ಒಂದು ಎಕರೆಯ ಗುತ್ತಿಗೆಯ ಇವತ್ತಿನ ಬೆಲೆ ಸುಮಾರು 3.9 ಲಕ್ಷ. ಶೇ 10 ಹಿಡಿದರೆ 2.5 ಲಕ್ಷ. ಯಾವುದು ಸರಿ ಅಂತ ತಿಳಿಯದೆ ಅಪ್ಪನಿಗೆ ಫೋನ್ ಮಾಡಿದೆ.

“ಅಪ್ಪ, ಆವತ್ತು ಒಪ್ಪಿಕೊಳ್ಳೋವಾಗ ಬಡ್ಡಿ ಲೆಕ್ಕ ಏನಾದ್ರೂ ಹಾಕಿದ್ರಾ?”

“ಹಾಕ್ದೆ ಇರ್ತಾರಾ? ಬೋರ್ ಕೊರೆಸಿದ ಸಾಲ ಇತ್ತಲ್ಲ. ನೂರಕ್ಕೆ ಎರಡು ರೂಪಾಯಿ.”

“ವರ್ಷಕ್ಕಾ?”

ಅಪ್ಪ ನಕ್ಕರು. “ತಿಂಗಳಿಗೆ ಕಣಮ್ಮ. ವರ್ಷಕ್ಕೆ ಎರಡು ರೂಪಾಯಿಗೆ ಯಾವ ಪುಣ್ಯಾತ್ಮ ಕೊಡ್ತಾನೆ?”

ಅಂದರೆ ವರ್ಷಕ್ಕೆ ಶೇ 24. ಆ ದರ ಹಾಕಿದೆ. 1.2 ಲಕ್ಷ. ಪುಸ್ತಕದ ಅರ್ಥಶಾಸ್ತ್ರಜ್ಞರು 1.4ಕ್ಕೂ 5ಕ್ಕೂ ನಡುವೆ ಕಿತ್ತಾಡುತ್ತಿದ್ದಾಗ ನಮ್ಮಪ್ಪ 24ರಲ್ಲಿ ಬದುಕುತ್ತಿದ್ದರು. ಇಪ್ಪತ್ನಾಲ್ಕರ ದರದಲ್ಲಿ ಬದುಕುವವನಿಗೆ ಇಪ್ಪತ್ತು ವರ್ಷದ ಆಚೆಯ ಯಾವ ಅನಾಹುತವೂ ಕಾಣುವುದಿಲ್ಲ. ಕಾಣದಿರುವುದು ಅವನ ದೃಷ್ಟಿದೋಷವಲ್ಲ, ಬಡ್ಡಿಯದು. ಇದನ್ನೇ ಬರೆದು ಒಪ್ಪಿಸಿದೆ. ಉಪನ್ಯಾಸಕರು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಏನೂ ಹೇಳದೆ, ಬೋರ್ಡಿನ ಮೇಲಿದ್ದ 5ರ ಪಕ್ಕ 24 ಅಂತ ಬರೆದರು. ಇಡೀ ಮೈನರಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಬಹುಮಾನ ಅದು. ಮುಂದಿನ ಸೆಮಿಸ್ಟರಿಗೆ ಅವರನ್ನು ಮುಂದುವರಿಸಲಿಲ್ಲ. ಅತಿಥಿಗಳ ಸಂಬಳಕ್ಕೆ ಬಜೆಟ್ ಇಲ್ಲ ಅಂತ ಆಫೀಸಿನಲ್ಲಿ ಹೇಳಿದರು.

ಕಾನೂನು ಪೇಪರಿನಲ್ಲಿ ಮೊದಲ ಪ್ರಬಂಧಕ್ಕೆ ಇಪ್ಪತ್ತಕ್ಕೆ ಏಳು ಬಂತು. ಇಂಜಿನಿಯರಿಂಗ್ ಅಭ್ಯಾಸದಂತೆ ಹತ್ತು ಪಾಯಿಂಟ್ ಬರೆದು ಕೆಳಗೆ ಗೆರೆ ಎಳೆದಿದ್ದೆ. ‘ಇದು ಪಟ್ಟಿ. ವಾದ ಎಲ್ಲಿ?’ ಎಂದು ಕೆಂಪು ಶಾಯಿಯಲ್ಲಿತ್ತು. ವಾದ ಮಾಡುವುದನ್ನು ಕಲಿಸಿದ್ದು ದೆಹಲಿಯ ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಎತ್ತಿದ ಪ್ರಶ್ನೆ: ಬಡವನ ಭತ್ತದ ಗದ್ದೆಯಿಂದ ಏಳುವ ಮೀಥೇನ್ ಮತ್ತು ಶ್ರೀಮಂತನ ಕಾರಿನ ಹೊಗೆಯನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಅಣುವಿನ ಲೆಕ್ಕದಲ್ಲಿ ತೂಗಬಹುದು, ನ್ಯಾಯದ ಲೆಕ್ಕದಲ್ಲಿ ಆಗುವುದಿಲ್ಲ. ಭೌತಶಾಸ್ತ್ರದ ಮೇಡಂ ಕಲಿಸಿದ್ದನ್ನು ನಾಲ್ಕನೇ ಮಹಡಿಯ ಕಾನೂನು ಮೇಡಂ ಸುಳ್ಳು ಮಾಡಲಿಲ್ಲ, ಆದರೆ ಅಷ್ಟು ಸಾಲದು ಅಂದರು. ‘ಗೊತ್ತಿಲ್ಲ’ ಅನ್ನುವುದಕ್ಕೆ ಇವರ ಬಳಿಯೂ ಒಂದು ಮದ್ದಿತ್ತು, ಮುನ್ನೆಚ್ಚರಿಕೆಯ ತತ್ವ. ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದ 1992ರ ರಿಯೋ ಘೋಷಣೆಯಲ್ಲಿ ಬಂದು, 1996ರಲ್ಲಿ ವೆಲ್ಲೂರಿನ ಚರ್ಮೋದ್ಯಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಮ್ಮ ನೆಲದ ಕಾನೂನಿನ ಭಾಗವೆಂದು ಒಪ್ಪಿಕೊಂಡದ್ದು. ಪೂರ್ತಿ ಖಾತ್ರಿಯಾಗಲಿ ಅಂತ ಕಾಯುತ್ತಾ ಕೂರಬೇಡಿ ಅನ್ನುವುದು ಅದರ ತಿರುಳು. ಎರಡನೇ ಪ್ರಬಂಧವನ್ನು ಪಾರ್ಕಿನ ಬಗ್ಗೆ ಬರೆದೆ. ಜಮೀನು ಇದ್ದವರಿಗೆ ಗುತ್ತಿಗೆ ಹಣ ಬಂತು. ನಮ್ಮ ಹೊಲದಲ್ಲಿ ಕಳೆ ತೆಗೆಯಲು, ಕಾಯಿ ಬಿಡಿಸಲು ಬರುತ್ತಿದ್ದ ಹೆಂಗಸರಿಗೆ ಏನು ಬಂತು? ಶುದ್ಧ ವಿದ್ಯುತ್ತಿನ ಲೆಕ್ಕಪುಸ್ತಕದಲ್ಲಿ ಅವರ ಕೂಲಿಗೆ ಕಾಲಂ ಇಲ್ಲ. ಅದಕ್ಕೆ ಹದಿನಾರು ಬಂತು.

ಇಷ್ಟರಲ್ಲಿ 22 ಜನರಿದ್ದ ನಮ್ಮ ತಂಡ ಒಂಬತ್ತಕ್ಕೆ ಇಳಿದಿತ್ತು. ಆರನೇ ಸೆಮಿಸ್ಟರಿನಲ್ಲಿ ಪ್ಲೇಸ್‌ಮೆಂಟ್ ತರಬೇತಿಯೂ ಶನಿವಾರವೇ. ಅಲ್ಲಿ ಹಾಜರಿ ತಪ್ಪಿದರೆ ಕಂಪನಿಗಳ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದರು, ಇಲ್ಲಿ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಎರಡೂ ನೋಟಿಸಿಗೆ ಒಬ್ಬರೇ ಸಹಿ ಹಾಕಿದ್ದರು. ನಾನು ಒಂದು ಶನಿವಾರ ಅಲ್ಲಿ, ಒಂದು ಶನಿವಾರ ಇಲ್ಲಿ ಅಂತ ಕದ್ದು ಓಡಾಡಿದೆ. ‘ಇದರಿಂದ ಕೆಲಸ ಸಿಗುತ್ತಾ?’ ಅಂತ ಕೇಳದವರಿಲ್ಲ. ನೇರವಾಗಿ ಹೇಳುತ್ತೇನೆ: ನನಗೆ ಸಿಕ್ಕಿದ್ದು ಸಾಫ್ಟ್‌ವೇರ್ ಕೆಲಸವೇ. ಸಂದರ್ಶನದಲ್ಲಿ ಮೈನರ್ ಬಗ್ಗೆ ಒಂದೇ ಒಂದು ಪ್ರಶ್ನೆ ಬಂತು, ಅದೂ ದೊಡ್ಡ ಫೈಲುಗಳನ್ನು ಹೇಗೆ ಓದಿಸಿದಿರಿ ಅಂತ.

ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾ ಊರಿಗೆ ಹೋಗಿದ್ದೆ. ಜಗುಲಿಯ ಮೇಲೆ ಕೂತು ಹುಣಸೆಹಣ್ಣು ಜಜ್ಜುತ್ತಿದ್ದ ಅಜ್ಜಿ, “ನಿಂಗೆ ಮಳೆ ಹೆಸರೇ ಬರಲ್ಲ, ಅದೇನು ಓದ್ತೀಯೋ,” ಅಂದರು. ಬೆರಳು ಮಡಚುತ್ತಾ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಅಂತ ಶುರುಮಾಡಿ ಸ್ವಾತಿ, ವಿಶಾಖೆಯವರೆಗೆ ಒಪ್ಪಿಸಿದರು. ನಡುನಡುವೆ ಗಾದೆ. ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರೆ. ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು. ಕೇಳುತ್ತಾ ಕೇಳುತ್ತಾ ನನಗೆ ಹೊಳೆಯಿತು: ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಅಂದರೆ ಇದು ವರ್ಷವನ್ನು 27 ಸಮಭಾಗ ಮಾಡಿದ ಸೌರ ಕ್ಯಾಲೆಂಡರ್. ಇಲಾಖೆಯ ಮಳೆಯನ್ನು ಜನವರಿ, ಫೆಬ್ರವರಿ ಅಂತ ಕೂಡಿಸುವ ಬದಲು ಆರಿದ್ರೆ, ಪುಷ್ಯ, ಹುಬ್ಬೆ, ಉತ್ತರೆ ಅಂತ ಕೂಡಿಸಿದರೆ?

ಸಿವಿಲ್‌ನ ಮೇಷ್ಟ್ರು ಕೇಳಿ, “ಪಂಚಾಂಗ ತಗೊಂಡು ಬಂದಿದ್ದೀಯ?” ಅಂತ ಹುಬ್ಬೇರಿಸಿದರು. ಭೌತಶಾಸ್ತ್ರದ ಮೇಡಂ ಒಪ್ಪಿದರು, ಆದರೆ ಸಡಿಲ ಬಿಡಲಿಲ್ಲ. ನಕ್ಷತ್ರ ವರ್ಷ ಋತುವರ್ಷಕ್ಕಿಂತ ಇಪ್ಪತ್ತು ನಿಮಿಷ ಉದ್ದ. ಹಾಗಾಗಿ ಮಳೆ ನಕ್ಷತ್ರಗಳು ಸುಮಾರು 71 ವರ್ಷಕ್ಕೆ ಒಂದು ದಿನದಂತೆ ಋತುವಿನಿಂದ ಹಿಂದೆ ಬೀಳುತ್ತಿವೆ. 1901ರಿಂದ ಲೆಕ್ಕ ಹಾಕಿದರೆ ಎರಡು ದಿನವೂ ಇಲ್ಲ, ಆದರೂ ಬರೆಯಬೇಕು. ಇನ್ನೊಂದು ಕೊಕ್ಕೆ: ಇಲಾಖೆಯ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಜುಲೈ 5ರ ಹೆಸರಿನಲ್ಲಿ ಇರುವುದು 4ರ ಎಂಟೂವರೆಯಿಂದ 5ರ ಎಂಟೂವರೆವರೆಗಿನ ಮಳೆ. ಅಜ್ಜಿಯ ಮಳೆ ಮಾತ್ರ ಸೂರ್ಯ ಮನೆ ಬದಲಿಸುವ ಗಳಿಗೆಗೆ ಬದಲಾಗುತ್ತದೆ. ಇವನ್ನೆಲ್ಲ ಹೊಂದಿಸಲು ಒಂದೂವರೆ ತಿಂಗಳು ಹೋಯಿತು. ನಮ್ಮೂರಿನ ಚೌಕ ಎಷ್ಟನೇ ಸಾಲು, ಎಷ್ಟನೇ ಕಂಬ ಅಂತ ಎಣಿಸಿಟ್ಟುಕೊಂಡೆ. ಆ ಸಂಖ್ಯೆಗಳು ಈಗ ಮನೆಯ ಪಿನ್‌ಕೋಡಿನ ಹಾಗೆ ಬಾಯಿಪಾಠ.

ಗ್ರಾಫ್ ಬಂದಾಗ ಗಾದೆ ತಲೆಕೆಳಗಾಗಿತ್ತು. ಆರಿದ್ರೆಯಲ್ಲಿ ನಮಗೆ ಮಳೆಯೇ ಅಷ್ಟಕ್ಕಷ್ಟೆ. ಕಂಬ ಎದ್ದು ನಿಂತಿದ್ದು ಉತ್ತರೆ, ಹಸ್ತದ ಸುತ್ತ, ಅಂದರೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ಪ್ರಿಂಟ್ ತೆಗೆದು ಅಜ್ಜಿಗೆ ತೋರಿಸಿ, “ನಿಮ್ಮ ಗಾದೆ ಸುಳ್ಳಾಯ್ತಲ್ಲಜ್ಜಿ” ಅಂದೆ.

“ಅದು ಗದ್ದೆ ಸೀಮೆಯೋರ ಗಾದೆ ಕಣೇ. ನಮ್ಗೆ ಆರಿದ್ರೆ ಯಾಕೆ? ನೆಲ ನೆನೆದ್ರೆ ಸಾಕು. ಕಾಯಿ ತುಂಬೋದು ಉತ್ರೆ ಮಳೆಗೆ.” ನೂರ ಇಪ್ಪತ್ತು ವರ್ಷದ ದತ್ತಾಂಶ ಹೇಳಿದ್ದನ್ನು ಅವರು ಕೈಯಲ್ಲಿದ್ದ ಹುಣಸೆ ಬೀಜ ಎಸೆಯುತ್ತಾ ಹೇಳಿದರು. ಹಾಗಾದರೆ ಆ ಗಾದೆಯನ್ನು ಯಾಕೆ ಹೇಳಿದಿರಿ ಅಂತ ಕೇಳಿದ್ದಕ್ಕೆ, “ಮಳೆ ಹೆಸ್ರು ಹೇಳ್ತಾ ಇದ್ನಲ್ಲ, ಅದ್ರ ಜೊತೆಗೇ ಬಂತು” ಅಂದರು.

ಮುಂದಿನ ಪ್ರಶ್ನೆಗೆ ಮಾತ್ರ ಅಜ್ಜಿಯ ಹತ್ತಿರವೂ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಉತ್ತರೆ ಮಳೆ ಹಿಂದಿಗಿಂತ ಕಡಿಮೆಯಾಗುತ್ತಿದೆಯೇ, ಸರಿಯುತ್ತಿದೆಯೇ? ವರ್ಷದಿಂದ ವರ್ಷಕ್ಕೆ ಏರಿಳಿತ ಎಷ್ಟಿತ್ತೆಂದರೆ, ಯಾವ ಪರೀಕ್ಷೆ ಹಾಕಿದರೂ ‘ಬದಲಾಗಿದೆ’ ಅಂತ ಧೈರ್ಯವಾಗಿ ಹೇಳುವಂತಿರಲಿಲ್ಲ. ಅದಕ್ಕಿಂತ ಮುಖ್ಯವಾದ ತೊಡಕು ಬೇರೆ. ಇಡೀ ದೇಶದ ಚೌಕಗಳನ್ನು ತುಂಬಿರುವುದು 6,955 ಮಳೆಮಾಪಕ ಕೇಂದ್ರಗಳ ದಾಖಲೆ, ಅವೂ ಎಲ್ಲ ವರ್ಷ ಎಲ್ಲವೂ ನಡೆದವಲ್ಲ. ನನ್ನ ಚೌಕದ ಅಗಲ ಸುಮಾರು 27 ಕಿಲೋಮೀಟರ್. ನಮ್ಮ ಕಡೆ ಕೆರೆ ಏರಿಯ ಈಚೆ ಸುರಿದ ಮಳೆ ಆಚೆ ಹನಿಯುವುದಿಲ್ಲ. ಬೆಳೆ ವಿಮೆಯಲ್ಲೂ ಇದೇ ಗೋಳು: ಮುಂಗಾರಿನ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2, ಆದರೆ ನಷ್ಟ ತೀರ್ಮಾನವಾಗುವುದು ಇಡೀ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ. ತನ್ನ ಹೊಲ ಒಣಗಿ ಪಕ್ಕದವನದು ಬೆಳೆದರೆ ಆ ಸರಾಸರಿಯಲ್ಲಿ ಅಪ್ಪ ಕಾಣೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹಾಳೆ ತಿರುವಿ, “ಹಾಗಾದ್ರೆ ಕನ್‌ಕ್ಲೂಷನ್ ಏನು?” ಅಂದರು.

“ಋತುವಿನ ಆಕಾರ ಹೇಳಬಹುದು ಸರ್. ಬದಲಾವಣೆ ಇದೆ, ಇಲ್ಲ, ಎರಡನ್ನೂ ಈ ಒಂದು ಚೌಕದಿಂದ ಹೇಳೋಕಾಗಲ್ಲ.”

“ಎರಡು ವರ್ಷ ಓದಿ ಹೇಳೋಕಾಗಲ್ಲ ಅಂತೀಯ?”

“ಯಾಕೆ ಹೇಳೋಕಾಗಲ್ಲ ಅನ್ನೋದು ಇಪ್ಪತ್ತೆಂಟನೇ ಪುಟದಲ್ಲಿದೆ ಸರ್.”

ಅವರು ಆ ಪುಟ ತೆರೆದು ಸುಮಾರು ಹೊತ್ತು ಓದಿದರು. ಎ ಗ್ರೇಡ್ ಬಂತು. ಅಂಕಪಟ್ಟಿಯ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ, ಮೈನರ್ ಹೆಸರಿದೆ. ಪ್ರಿಂಟರಿನಲ್ಲಿ ‘ಕ್ಲೈಮೇಟ್’ನ ಒಂದು ಅಕ್ಷರ ಹಾರಿಹೋಗಿದೆ. ತಿದ್ದಿಸಲು ಅರ್ಜಿ ಕೊಟ್ಟಿದ್ದೇನೆ.

ಪ್ರಾಜೆಕ್ಟ್ ಮುಗಿದ ಮೇಲೆ ಅಪ್ಪನಿಗೆ ಒಂದು ಸಾದಾ ಮಳೆಮಾಪಕ ಕೊಂಡೊಯ್ದು, ಉಳಿದ ಮೂರು ಎಕರೆಯ ಬದುವಿನಲ್ಲಿ ಗೂಟಕ್ಕೆ ಕಟ್ಟಿಕೊಟ್ಟೆ. ದಿನಾ ಎಂಟೂವರೆಗೆ ನೋಡಿ ಬರೆಯಬೇಕು ಅಂತ ಮೂರು ಸಲ ಹೇಳಿದೆ. ಎಂಟೂವರೆಗೆ ಯಾವ ರೈತ ಹೊಲದಲ್ಲಿ ನಿಂತು ನೀರು ಅಳೆಯುತ್ತಾನೆ ಅಂತ ಅವರು ಕೇಳಿದರು. ಆರು ಗಂಟೆಗೇ ನೋಡುತ್ತಾರೆ, ಕೆಲವು ಸಲ ಮಳೆ ನಿಂತ ತಕ್ಷಣ ಓಡಿಹೋಗಿ ನೋಡುತ್ತಾರೆ, ಹಾಲಿನ ಡೈರಿಯ ಪುಸ್ತಕದ ಹಿಂಬದಿಯಲ್ಲಿ ಬರೆದು ವಾಟ್ಸ್‌ಆ್ಯಪಿನಲ್ಲಿ ಫೋಟೋ ಕಳಿಸುತ್ತಾರೆ. ಇಲಾಖೆಯ ದಿನಕ್ಕೆ ಹೊಂದಿಸಲು ನಾನು ಒದ್ದಾಡುತ್ತೇನೆ. ನಾನು ಗೆರೆ ಹಾಕಿಕೊಟ್ಟ ಪುಟದಲ್ಲಿ ಎರಡೇ ಕಾಲಂ ಇದ್ದವು, ದಿನಾಂಕ ಮತ್ತು ಮಿಲಿಮೀಟರ್. ಅಪ್ಪ ಪೆನ್ಸಿಲಿನಲ್ಲಿ ಮೂರನೆಯದೊಂದು ಎಳೆದುಕೊಂಡಿದ್ದಾರೆ. ಮೊನ್ನೆ ಬಂದ ಫೋಟೋದಲ್ಲಿ ಕೊನೆಯ ಸಾಲು ಹೀಗಿತ್ತು: ಪುಷ್ಯ ಮಳೆ, 14, ಹದ ಆಗಿಲ್ಲ.